ಹಿಂದಿನ ಸಾಲಿನಿಂದ ಬಂದ ಕೋಚ್

ಆಶ್ಲಿ ವೆಸ್ಟ್‌ವುಡ್ 2013ರ ಜುಲೈನಲ್ಲಿ ಬೆಂಗಳೂರಿಗೆ ಬಂದಾಗ ಅವರ ಹೆಸರು ಕೇಳಿದ್ದವರು ನಮ್ಮಲ್ಲಿ ವಿರಳ. ಈಗಲೂ ಆ ಹೆಸರೆತ್ತಿದರೆ ಬರ್ನ್ಲಿ ತಂಡದಲ್ಲಿ ಆಡಿದ ಮಿಡ್‌ಫೀಲ್ಡರ್ ವೆಸ್ಟ್‌ವುಡ್ ನೆನಪಾಗುವವರೇ ಹೆಚ್ಚು. ಅವರು ಬೇರೆ, ಇವರು ಬೇರೆ. ಇವರು 1976ರಲ್ಲಿ ಇಂಗ್ಲೆಂಡಿನ ಬ್ರಿಡ್ಜ್‌ನಾರ್ತ್‌ನಲ್ಲಿ ಹುಟ್ಟಿದ ಸೆಂಟರ್ ಬ್ಯಾಕ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರ ತಂಡದಲ್ಲಿ ಬೆಳೆದು, 1995ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ತಂಡದಲ್ಲಿದ್ದವರು. ಆದರೆ ದೊಡ್ಡವರ ತಂಡಕ್ಕೆ ಏರಲಾಗದೆ ಆ ಅಂಗಳ ಬಿಟ್ಟವರು. ಆಮೇಲಿನದು ಬಹುಪಾಲು ಇಂಗ್ಲಿಷ್ ಫುಟ್‌ಬಾಲ್‌ನ ಕೆಳಗಿನ ಮೆಟ್ಟಿಲುಗಳ ದುಡಿಮೆ. ಕ್ರೂ ಅಲೆಕ್ಸಾಂಡ್ರ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್ ಹೀಗೆ ಒಂದಾದ ಮೇಲೊಂದು ಕ್ಲಬ್. ಬ್ರಾಡ್‌ಫರ್ಡ್ 1999ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿದಾಗ ಅವರು ಆ ತಂಡದಲ್ಲಿದ್ದರು. ಮೇಲೇರಿದ ಮೇಲೆ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು.

ಈ ಹಿನ್ನೆಲೆಯನ್ನು ನಾನು ಕೊರತೆಯೆಂದು ಓದುವುದಿಲ್ಲ. ನಮ್ಮಲ್ಲಿ ಕೋಚ್ ಎಂದರೆ ದೊಡ್ಡ ಹೆಸರಿನ ಆಟಗಾರನಾಗಿದ್ದವನೇ ಇರಬೇಕು ಎಂಬ ನಂಬಿಕೆ ಗಟ್ಟಿ. ವೆಸ್ಟ್‌ವುಡ್ ಅವರ ಕೋಚಿಂಗ್ ಬದುಕು ಆ ನಂಬಿಕೆಗೆ ಒಳ್ಳೆಯ ಉತ್ತರ. ಪ್ರತಿಭೆಯ ಭರವಸೆ ಇಲ್ಲದೆ, ತರಬೇತಿ ಮತ್ತು ಶಿಸ್ತಿನ ಬಲದಿಂದಲೇ ಒಂದೂವರೆ ದಶಕ ಹೊಟ್ಟೆ ಹೊರೆದುಕೊಂಡ ಆಟಗಾರನಿಗೆ, ಆಟದ ಯಾವ ಭಾಗವನ್ನು ಕಲಿಸಲು ಬರುತ್ತದೆ, ಯಾವುದನ್ನು ಬರುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಗೋಲು ಹೊಡೆಯುವ ಚಳಕವನ್ನು ಕಲಿಸುವುದು ಕಷ್ಟ. ಚೆಂಡು ಎದುರಾಳಿಯ ಕಾಲಲ್ಲಿದ್ದಾಗ ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಖಂಡಿತ ಕಲಿಸಬಹುದು.

ತಮಿಳುನಾಡು-ಕರ್ನಾಟಕ ಗಡಿಯ ನಮ್ಮ ದಿಂಬಂ ಘಾಟಿಯಲ್ಲಿ ಲೋಡ್ ಲಾರಿ ಇಳಿಸುವ ಚಾಲಕರನ್ನು ಬಲ್ಲವರಿಗೆ ಈ ಮಾತು ಬೇಗ ತಿಳಿಯುತ್ತದೆ. 27 ಹೇರ್‌ಪಿನ್ ತಿರುವುಗಳಲ್ಲಿ ಜಾಣ ಚಾಲಕ ನೋಡುವುದು ತನ್ನ ಮುಂದಿರುವ ತಿರುವನ್ನಲ್ಲ, ಅದರ ಕೆಳಗಿನ ತಿರುವಿನಲ್ಲಿ ಹತ್ತಿ ಬರುತ್ತಿರುವ ಗಾಡಿಯನ್ನು. ಎದುರಿನದು ಬಾಗುವ ಮೊದಲೇ ತಾನು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿರುತ್ತಾನೆ. ಸೆಂಟರ್ ಬ್ಯಾಕ್‌ನ ಬುದ್ಧಿಯೂ ಅಂಥದ್ದೇ. ಅದು ಮಿಂಚುವುದಿಲ್ಲ, ಆದ್ದರಿಂದ ಅದಕ್ಕೆ ಚಪ್ಪಾಳೆಯೂ ಕಡಿಮೆ.

ದಿಂಬಂನಂಥ ಊರಿನ ಕಡೆಯವರಿಗೆ ಯಾವ ಕ್ಲಬ್ ತಮ್ಮದು ಎಂಬ ಪ್ರಶ್ನೆಯೂ ಸರಳವಲ್ಲ. ಕಂದಾಯ ಈರೋಡಿಗೆ, ಮಾತು ಕನ್ನಡ. ಘಾಟಿ ಇಳಿದು ಬಣ್ಣಾರಿ, ಸತ್ಯಮಂಗಲ ದಾಟಿದರೆ ಕೊಯಮತ್ತೂರು. ಹಾಸನೂರು ಹಾದು ಮೇಲೆ ಹೋದರೆ ಚಾಮರಾಜನಗರ, ಅಲ್ಲಿಂದ ಬೆಂಗಳೂರು. ದೂರದ ಲೆಕ್ಕದಲ್ಲಿ ಕೊಯಮತ್ತೂರೇ ಹತ್ತಿರ. ಅಲ್ಲಿನ ನೆಹರು ಸ್ಟೇಡಿಯಂನಲ್ಲಿ ಚೆನ್ನೈ ಸಿಟಿ ತಂಡ 2019ರಲ್ಲಿ ಐ-ಲೀಗ್ ಗೆದ್ದದ್ದೂ ಉಂಟು. ಆದರೂ ಈ ಬೆಟ್ಟದ ಮೇಲಿಂದ ನೋಡುವ ನನ್ನಂಥವರಿಗೆ ಬೆಂಗಳೂರಿನ ಕಂಠೀರವ ಸ್ಟೇಡಿಯಂನ ನೀಲಿ ಅಂಗಿಯವರೇ ಮೊದಲು ನಮ್ಮವರಾದರು. ಭಾಷೆ ಅದಕ್ಕೊಂದು ಕಾರಣ. ಇನ್ನೊಂದು ಕಾರಣ ಈ ಇಂಗ್ಲಿಷ್ ಡಿಫೆಂಡರ್ ಕಟ್ಟಿದ ತಂಡದ ಆಟ.

ಬೆಂಗಳೂರಿಗೆ ಬರುವ ಹೊತ್ತಿಗೆ ವೆಸ್ಟ್‌ವುಡ್ ಎಲ್ಲಿಯೂ ಸ್ವತಂತ್ರ ಕೋಚ್ ಆಗಿ ಹೆಸರು ಮಾಡಿದವರಲ್ಲ. ಮೈಕಲ್ ಆಪಲ್‌ಟನ್ ಜೊತೆ ಪೋರ್ಟ್ಸ್‌ಮೌತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಕ್ಲಬ್‌ಗಳಲ್ಲಿ ಸಹಾಯಕರಾಗಿದ್ದರು, ಅಷ್ಟೆ. ಪೋರ್ಟ್ಸ್‌ಮೌತ್ ದಿವಾಳಿಯಂಚಿಗೆ ಬಂದು ಕೆಳಗಿನ ದರ್ಜೆಗೆ ಜಾರಿತು. ಬ್ಲ್ಯಾಕ್‌ಪೂಲ್‌ನಲ್ಲಿ 65 ದಿನ, ನಮ್ಮ ಪುಣೆಯ ವೆಂಕೀಸ್ ಕಂಪನಿಯ ಒಡೆತನದ ಬ್ಲ್ಯಾಕ್‌ಬರ್ನ್‌ನಲ್ಲಿ 67 ದಿನ. ಆಪಲ್‌ಟನ್ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಕ್ಲಬ್ ಹೇಗೆ ಕುಸಿಯುತ್ತದೆ ಎಂಬುದನ್ನು ಒಳಗಿನಿಂದ ಕಂಡ ಮನುಷ್ಯನಿಗೆ ಕೆಲವೇ ತಿಂಗಳಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಎಂಬ ಹೊಚ್ಚಹೊಸ ಕ್ಲಬ್ಬನ್ನು ಒಪ್ಪಿಸಿತು. ಆಗ ದೇಶದ ಮೇಲಿನ ದರ್ಜೆಯಾಗಿದ್ದ ಐ-ಲೀಗ್‌ಗೆ ಆ ಕ್ಲಬ್ಬಿಗೆ ನೇರ ಪ್ರವೇಶ ಸಿಕ್ಕಿತ್ತು. ಎಚ್‌ಎಎಲ್ ತಂಡ 2012ರಲ್ಲಿ ಆ ಲೀಗ್‌ನಿಂದ ಕೆಳಗಿಳಿದ ಮೇಲೆ ಬೆಂಗಳೂರಿಗೆ ದೇಶದ ಮೇಲಿನ ದರ್ಜೆಯಲ್ಲಿ ತಂಡವೇ ಇರಲಿಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಿಂದ ಒಲಿಂಪಿಕ್ಸ್‌ಗೆ ಆಟಗಾರರನ್ನು ಕಳಿಸಿದ್ದ ಊರು ಅದು.

ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೋಹನ್ ಬಾಗಾನ್ ವಿರುದ್ಧ: 1-1. ಅದೇ ತಂಡ 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಲೀಗ್ ಚಾಂಪಿಯನ್ ಆಯಿತು. ಹುಟ್ಟಿ ಒಂದು ವರ್ಷವೂ ಆಗದ ಕ್ಲಬ್! ಪತ್ರಿಕೆಗಳು ಪವಾಡವೆಂದು ಬರೆದವು. ಪವಾಡ ಅಲ್ಲಿರಲಿಲ್ಲ. ಮಾಡಿದ್ದನ್ನು ಬಿಡಿಸಿ ನೋಡಿದರೆ ಎಲ್ಲವೂ ಲೆಕ್ಕಕ್ಕೆ ಸಿಗುವ ಕೆಲಸಗಳೇ.

ಮೊದಲನೆಯದು ದೇಹ. ಆಟಗಾರರ ಊಟ, ನಿದ್ದೆ, ಮೈಯ ಕೊಬ್ಬು, ಓಟದ ಅಳತೆ ಎಲ್ಲವನ್ನೂ ಬರೆದಿಡುವ ಪದ್ಧತಿಯನ್ನು ವೆಸ್ಟ್‌ವುಡ್ ತಂದರು. ಭಾರತದ ಕ್ಲಬ್‌ಗಳಲ್ಲಿ ಆಗ ಅದು ಅಪರೂಪ. ಕೊನೆಯ ಇಪ್ಪತ್ತು ನಿಮಿಷ ಎದುರಾಳಿಯ ಕಾಲು ಸೋಲುತ್ತಿದ್ದಾಗ ಬೆಂಗಳೂರಿನವರು ಇನ್ನೂ ಓಡುತ್ತಿದ್ದರು. ಅದನ್ನು ಕಣ್ಣಾರೆ ಕಾಣಬಹುದಿತ್ತು. ಎರಡನೆಯದು ಹಿಂದಿನ ಸಾಲಿನ ಆಯ್ಕೆ. ವಿದೇಶಿ ಆಟಗಾರರಿಗಿರುವ ಕೆಲವೇ ಜಾಗಗಳನ್ನು ಭಾರತದ ಬಹುತೇಕ ಕ್ಲಬ್‌ಗಳು ಗೋಲು ಹೊಡೆಯುವವರಿಗೆ ಮೀಸಲಿಡುತ್ತಿದ್ದವು. ವೆಸ್ಟ್‌ವುಡ್ ಎರಡನ್ನು ಸೆಂಟರ್ ಬ್ಯಾಕ್‌ಗಳಿಗೆ ಕೊಟ್ಟರು: ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಜಾನ್ಸನ್ ಬಂದದ್ದು ನಾರ್ಥಾಂಪ್ಟನ್‌ನಿಂದ, ಅಂದರೆ ಕೋಚ್ ಸ್ವತಃ ಆಡಿದ್ದ ಕ್ಲಬ್ಬಿನಿಂದ. ತಮ್ಮ ಕಸುಬಿನವರ ಬೆಲೆ ಬಲ್ಲ ಮನುಷ್ಯನ ಆಯ್ಕೆ ಇದು. ಆ ಮೊದಲ ವರ್ಷದ ಅತ್ಯುತ್ತಮ ತೀರ್ಮಾನವೂ ಇದೇ ಎಂಬುದು ನನ್ನ ಎಣಿಕೆ.

ಅದರ ಫಲ ಮುಂದಿನ ಸಾಲಿನಲ್ಲಿ ಕಂಡಿತು. ನಡುವೆ ಇಬ್ಬರು ಗಟ್ಟಿಗರು ನಿಂತಿದ್ದರಿಂದ ರೈಟ್ ಬ್ಯಾಕ್ ರಿನೊ ಆಂಟೊ, ಲೆಫ್ಟ್ ಬ್ಯಾಕ್ ಕೀಗನ್ ಪೆರೇರ ಹಿಂದೆ ನೋಡದೆ ಮುನ್ನುಗ್ಗಬಹುದಿತ್ತು. ಸುನಿಲ್ ಛೆಟ್ರಿಯನ್ನು ಹಲವು ಪಂದ್ಯಗಳಲ್ಲಿ ಎಡಗಡೆಯಿಂದ ಆಡಿಸಿ, ರಾಬಿನ್ ಸಿಂಗ್ ಎಂಬ ಎತ್ತರದ ಆಳನ್ನು ನಡುವೆ ನಿಲ್ಲಿಸಿದರು. ಎದುರಾಳಿಯ ಡಿಫೆಂಡರ್‌ಗಳು ರಾಬಿನ್ ಜೊತೆ ಗುದ್ದಾಡುತ್ತಿರುವಾಗ ಛೆಟ್ರಿ ಓರೆಯಲ್ಲಿ ಒಳನುಗ್ಗುತ್ತಿದ್ದರು. ಡಿಫೆಂಡರ್‌ಗೆ ಅತಿ ಹೆಚ್ಚು ಕಾಟ ಕೊಡುವುದು ಕಣ್ಣಿನಂಚಿನಿಂದ ಬರುವ ಆಟಗಾರ ಎಂಬುದನ್ನು ಡಿಫೆಂಡರ್ ಆಗಿದ್ದವರಲ್ಲದೆ ಇನ್ಯಾರು ಬಲ್ಲರು? ಕೇರಳದ ರಿನೊ ಆಂಟೊ 2015ರಲ್ಲಿ ಭಾರತ ತಂಡಕ್ಕೂ ಆಡಿದರು. ಅವರನ್ನು ಪೂರ್ಣ ಪ್ರಮಾಣದ ಫುಲ್ ಬ್ಯಾಕ್ ಆಗಿ ತಿದ್ದಿದ್ದು ಈ ಬೆಂಗಳೂರು ತಂಡವೇ.

2015ರ ಜನವರಿಯಲ್ಲಿ ಫೆಡರೇಷನ್ ಕಪ್, 2016ರ ಏಪ್ರಿಲ್‌ನಲ್ಲಿ ಕಂಠೀರವದಲ್ಲಿ ಸಾಲ್ಗಾಂವ್ಕರ್ ಮೇಲೆ 2-0 ಗೆಲುವಿನೊಂದಿಗೆ ಎರಡನೇ ಐ-ಲೀಗ್. ಮೂರು ವರ್ಷಕ್ಕೆ ಮೂರು ಕಪ್. ಇವುಗಳ ನಡುವೆ ಒಂದು ಸಂಜೆ ಇದೆ, ಅದನ್ನು ನಿಧಾನವಾಗಿ ನೋಡಬೇಕು.

2015ರ ಮೇ 31, ಲೀಗ್‌ನ ಕೊನೆಯ ದಿನ, ತುಂಬಿದ ಕಂಠೀರವ. ಮೋಹನ್ ಬಾಗಾನ್ ಬಳಿ 38 ಅಂಕ, ಬೆಂಗಳೂರಿನ ಬಳಿ 36. ಗೆದ್ದರೆ ಬೆಂಗಳೂರು ಚಾಂಪಿಯನ್, ಡ್ರಾ ಆದರೆ ಬಾಗಾನ್. ವಿರಾಮಕ್ಕೆ ಮೊದಲು ಜಾನ್ಸನ್ ಗೋಲು ಹೊಡೆದರು. ಡಿಫೆಂಡರ್ ಹೊಡೆದ ಗೋಲು, ಕೋಚ್‌ಗೆ ತಕ್ಕ ಗೋಲು. ಎರಡನೇ ಗೋಲು ಬರಲಿಲ್ಲ. 87ನೇ ನಿಮಿಷದಲ್ಲಿ ಸೋನಿ ನಾರ್ಡೆ ಎತ್ತಿಕೊಟ್ಟ ಕಾರ್ನರ್‌ಗೆ ಬಾಗಾನ್‌ನ ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲಕ್ಕೆ ಜಿಗಿದು ತಲೆ ಕೊಟ್ಟರು. 1-1. ಅವರೂ ಸೆಂಟರ್ ಬ್ಯಾಕ್. ವರ್ಷವಿಡೀ ಕಾರ್ನರ್‌ಗಳಿಂದ ಎದುರಾಳಿಗಳನ್ನು ಕಾಡಿದ್ದ ತಂಡ ಒಂದು ಕಾರ್ನರ್‌ನಲ್ಲಿ ಕಪ್ ಕಳೆದುಕೊಂಡಿತು. ದುರದೃಷ್ಟ ಎಂದು ಅಂದು ಎಲ್ಲರೂ ಹೇಳಿದರು. ನಾನು ಹಾಗೆ ಬಿಟ್ಟುಬಿಡಲಾರೆ. ಗೆಲ್ಲಲೇಬೇಕಾದ ಪಂದ್ಯದಲ್ಲಿ ಒಂದು ಗೋಲಿನ ಮುನ್ನಡೆ ಮುನ್ನಡೆಯೇ ಅಲ್ಲ. ಒಂದು ತಪ್ಪು ನಡೆದರೆ ಎಲ್ಲವೂ ಹೋಗುತ್ತದೆ. ಮುನ್ನಡೆಯನ್ನು ಕಾಯುತ್ತ ಕೂರುವುದು ಡಿಫೆಂಡರ್‌ನ ಸಹಜ ಗುಣ. ಕೋಚ್ ಆದವರು ಅಂಥ ಹೊತ್ತಿನಲ್ಲಿ ತಮ್ಮ ಸಹಜ ಗುಣವನ್ನು ಮೀರಬೇಕಿತ್ತು.

ಬೆಂಗಳೂರು ಬಿಟ್ಟ ಮೇಲಿನ ಕೆಲವು ವರ್ಷಗಳು ಮಂಕು. ಮಲೇಷ್ಯಾದ ಪೆನಾಂಗ್, 2018ರ ಆರಂಭದಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಅವರನ್ನು ಕೋಚ್ ಸ್ಥಾನದಿಂದ ತೆಗೆದ ಕೋಲ್ಕತ್ತದ ಎಟಿಕೆ, ಆಮೇಲೆ ಪಂಜಾಬ್. ಎಟಿಕೆಯಂಥ ತಂಡ ನಡುದಾರಿಯಲ್ಲಿ ಒಡೆದು ಕೈಗೆ ಬಂದಿತ್ತು; ಯಾವುದನ್ನೂ ಅವರಿಂದ ನಿಲ್ಲಿಸಲಾಗಲಿಲ್ಲ. ಇದರಿಂದ ಒಂದು ವಿಷಯ ಸ್ಪಷ್ಟ: ಅವರ ಪದ್ಧತಿಗೆ ಸಮಯ ಬೇಕು, ಆಟಗಾರರನ್ನು ತಾವೇ ಆರಿಸುವ ಅಧಿಕಾರ ಬೇಕು. ಬೆಂಗಳೂರು ಎರಡನ್ನೂ ಕೊಟ್ಟಿತ್ತು. ಆ ಯಶಸ್ಸಿನಲ್ಲಿ ಕ್ಲಬ್ಬಿನ ಪಾಲು ನಾವು ಸಾಮಾನ್ಯವಾಗಿ ಹೇಳುವುದಕ್ಕಿಂತ ದೊಡ್ಡದು.

2023ರ ಕೊನೆಯಲ್ಲಿ ಅಫ್ಘಾನಿಸ್ತಾನದ ಕೋಚ್ ಆದರು. ಪ್ರಮುಖ ಆಟಗಾರರು ತಮ್ಮ ಫೆಡರೇಷನ್ ಜೊತೆ ಜಗಳವಾಡಿ ದೂರ ಉಳಿದಿದ್ದ ತಂಡ, ತವರಿನಲ್ಲಿ ಆಡುವ ಅವಕಾಶವೂ ಇಲ್ಲ. 2024ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತವನ್ನು ಮೊದಲು 0-0ಯಲ್ಲಿ ತಡೆದರು. ಐದು ದಿನದ ಬಳಿಕ ಗುವಾಹಟಿಯಲ್ಲಿ ಛೆಟ್ರಿಯ 150ನೇ ಪಂದ್ಯ. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದು ಭಾರತಕ್ಕೆ ಮುನ್ನಡೆ ಕೊಟ್ಟರು. ಅಫ್ಘನ್ನರು ಗಾಬರಿಯಾಗಲಿಲ್ಲ, ಸಾಲು ಒಡೆಯಲಿಲ್ಲ. 70ನೇ ನಿಮಿಷದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು, 88ರಲ್ಲಿ ಶರೀಫ್ ಮುಖಮ್ಮದ್ ಪೆನಾಲ್ಟಿ ಒಳಹಾಕಿದರು. ಒಂದು ಕಾಲಕ್ಕೆ ತಮ್ಮದೇ ತಂಡದ ನಾಯಕನಾಗಿದ್ದ ಛೆಟ್ರಿಯ ದೊಡ್ಡ ದಿನವನ್ನು ಸೋಲಿನ ದಿನವಾಗಿಸಿದ್ದು ಈ ಕೋಚ್. ಮನಸ್ಸಿಗೆ ನೋವಾಯಿತು, ಆದರೆ ಕೆಲಸ ಅಚ್ಚುಕಟ್ಟು. 2025ರ ಜೂನ್ 10ರಂದು, ಈ ಸಲ ಹಾಂಗ್‌ಕಾಂಗ್ ಕೋಚ್ ಆಗಿ, ಮತ್ತೆ ಅದನ್ನೇ ಮಾಡಿದರು. ಇಂಜುರಿ ಟೈಮ್‌ನ ಪೆನಾಲ್ಟಿ, 1-0. ಎರಡು ಸಲವೂ ಗೆಲುವು ಬಂದದ್ದು ಪಂದ್ಯದ ತುದಿಯಲ್ಲಿ, ಭಾರತದ ಕಾಲು ಮತ್ತು ತಾಳ್ಮೆ ಎರಡೂ ಸೋತ ಮೇಲೆ. 2013ರಲ್ಲಿ ಅವರು ಬೆಂಗಳೂರಿನಲ್ಲಿ ಬಿತ್ತಿದ ಪಾಠ ಅದೇ. ಅದನ್ನು ನಮ್ಮ ರಾಷ್ಟ್ರೀಯ ತಂಡ ಇನ್ನೂ ಕಲಿತಿಲ್ಲ ಎಂಬುದನ್ನು ಅವರೇ ಎದುರು ನಿಂತು ತೋರಿಸಿದರು.

ಅದೇ ವರ್ಷದ ನವೆಂಬರ್‌ನಲ್ಲಿ ಸಿಂಗಪುರ ವಿರುದ್ಧ ತವರಿನ ಕೈ ತಕ್ ಸ್ಟೇಡಿಯಂನಲ್ಲಿ ಹಾಂಗ್‌ಕಾಂಗ್ ವಿರಾಮದ ಹೊತ್ತಿಗೆ 1-0 ಮುಂದಿತ್ತು. ಏಷ್ಯನ್ ಕಪ್‌ನ ಟಿಕೆಟ್ ಕೈಯಳತೆಯಲ್ಲಿತ್ತು. ಮುಗಿದಾಗ 1-2, ಸಿಂಗಪುರ ಮುಂದೆ ಹೋಯಿತು. ಹತ್ತು ವರ್ಷದ ಹಿಂದಿನ ಕಂಠೀರವದ ಸಂಜೆಯನ್ನು ಇದರ ಪಕ್ಕದಲ್ಲಿಟ್ಟರೆ ಈ ಕೋಚ್‌ನ ಶಕ್ತಿಯೂ ಮಿತಿಯೂ ಒಂದೇ ಬೇರಿನವು ಎನಿಸುತ್ತದೆ. ಹಿಂದೆ ಬಿದ್ದಾಗ, ಸಮನಾಗಿರುವಾಗ ಅವರ ತಂಡ ಕಾಯಬಲ್ಲದು. ಮುಂದಿರುವಾಗಲೂ ಅದು ಕಾಯುತ್ತಲೇ ಇರುತ್ತದೆ. 2015ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ವಿರುದ್ಧ 2-1ರಿಂದ ಗೆದ್ದದ್ದು ಇದಕ್ಕೊಂದು ಅಪವಾದ, ಒಪ್ಪುತ್ತೇನೆ. ಆದರೂ ಉದ್ದದ ಲೀಗ್‌ನಲ್ಲಿ ನಾನು ವೆಸ್ಟ್‌ವುಡ್ ಅವರನ್ನೇ ಆರಿಸುತ್ತೇನೆ, ಒಂದೇ ಸಂಜೆಯ ಪಂದ್ಯಕ್ಕೆ ಯೋಚಿಸುತ್ತೇನೆ.

ಇನ್ನೊಂದು ಆಕ್ಷೇಪವಿದೆ, ಅದು ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಜಾನ್ಸನ್, ಒಸಾನೊ ಜೋಡಿಯ ಪಕ್ಕದಲ್ಲಿ ಈ ನಾಡಿನ ಒಬ್ಬ ಸೆಂಟರ್ ಬ್ಯಾಕ್ ಬೆಳೆದು ನಿಲ್ಲಲಿಲ್ಲ. ಆ ಮೊದಲ ತಂಡದಲ್ಲಿ ಬೆಂಗಳೂರಿನ ಹುಡುಗನೆಂದು ಹೆಸರಿಟ್ಟು ಹೇಳಬಹುದಾದವರಲ್ಲಿ ಮಿಡ್‌ಫೀಲ್ಡರ್ ಶಂಕರ್ ಸಂಪಂಗಿರಾಜ್ ಮುಖ್ಯರು. ಕಪ್ ಗೆಲ್ಲಬೇಕಾದ ಕೋಚ್‌ನ ಮೇಲೆ ಈ ಹೊರೆಯನ್ನು ಪೂರ್ತಿ ಹೊರಿಸುವುದು ನ್ಯಾಯವಲ್ಲ. ಆದರೆ ಡಿಫೆಂಡರ್‌ನನ್ನು ಕಲಿಸಿ ಬೆಳೆಸಬಹುದು ಎಂಬುದಕ್ಕೆ ಸ್ವತಃ ಸಾಕ್ಷಿಯಾದವರಿಂದ ಅದನ್ನು ನಿರೀಕ್ಷಿಸುವುದು ತಪ್ಪೂ ಅಲ್ಲ. ಕ್ಲಬ್ಬಿನಲ್ಲಿ ಹುಡುಗರನ್ನು ಬೆಳೆಸುವ ಕೆಲಸಕ್ಕೆ ನಿಜವಾದ ಬಲ ಬಂದದ್ದು 2017ರಲ್ಲಿ ಮುಂಬೈನ ನೌಶಾದ್ ಮೂಸಾ ಬಂದ ಮೇಲೆ. ಅವರೂ ಹಿಂದಿನ ಸಾಲಿನ ಆಟಗಾರರೇ. 2021ರ ಡುರಾಂಡ್ ಕಪ್‌ಗೆ ಮೂಸಾ ಬಹುಪಾಲು ಹುಡುಗರ ತಂಡವನ್ನೇ ಕರೆದೊಯ್ದು ಸೆಮಿಫೈನಲ್ ಮುಟ್ಟಿದರು. ಗೋವಾ ಎದುರು ಪೆನಾಲ್ಟಿಗಳಲ್ಲಿ ಸೋತರು. ಅಲ್ಲಿ ಮಿಂಚಿದ ಶಿವಶಕ್ತಿ ತಮಿಳುನಾಡಿನ ಹುಡುಗ, ಫಾರ್ವರ್ಡ್. ಕರ್ನಾಟಕ 54 ವರ್ಷಗಳ ಬಳಿಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, ಹಾಗಾಗಿ ಆಟಗಾರರ ಬರವಿದೆ ಎಂದು ಯಾರೂ ಹೇಳಲಾರರು. ಆ ತಂಡದ ಹಿಂದಿನ ಸಾಲಿನ ಹುಡುಗರ ಪೈಕಿ ಯಾರನ್ನಾದರೂ ಕಂಠೀರವದಲ್ಲಿ ನಡುವೆ ನಿಲ್ಲಿಸಿ, ಮೂರು ವರ್ಷ ತಪ್ಪು ಮಾಡಲು ಬಿಟ್ಟು, ಒಬ್ಬ ಜಾನ್ಸನ್ ಆಗಿ ತಿದ್ದುವ ಕೆಲಸ ಇನ್ನೂ ಹಾಗೆಯೇ ಉಳಿದಿದೆ.