ಸೋಲಿನ ಲೆಕ್ಕವಿಟ್ಟ ಲಾವಣಿಗಳು

ಬ್ರಿಟಿಷರ ವಿರುದ್ಧ ಕಿತ್ತೂರು, ಮುಧೋಳ, ನರಗುಂದ ಸೀಮೆಗಳಲ್ಲಿ ಎದ್ದ ದಂಗೆಗಳಲ್ಲಿ ಒಂದೂ ಗೆಲ್ಲಲಿಲ್ಲ. 1824ರ ಅಕ್ಟೋಬರ್‌ನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಬಲಿ ತೆಗೆದುಕೊಂಡ ಕಿತ್ತೂರು ಡಿಸೆಂಬರ್ ಹೊತ್ತಿಗೆ ಕೋಟೆ ಕಳೆದುಕೊಂಡಿತ್ತು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಹಲಗಲಿ ಹೊತ್ತಿ ಉರಿಯಿತು. ಮರುವರ್ಷ ನರಗುಂದದ ಬಾಬಾಸಾಹೇಬ ಬೆಳಗಾವಿಯಲ್ಲಿ ನೇಣಿಗೇರಿದ. ಈ ಸೋಲುಗಳನ್ನು ಹಾಡುಗಬ್ಬವಾಗಿ ಕಟ್ಟಿ ಊರೂರಿಗೆ ಒಯ್ದವರು ಲಾವಣಿಕಾರರು. ಅವರ ರಚನೆಗಳನ್ನು ನಾವು ಇಂದು ದೇಶಭಕ್ತಿಯ ಹಾಡುಗಳೆಂದು ಓದುತ್ತೇವೆ, ವೀರಗೀತೆಗಳೆಂದು ಮೆರೆಸುತ್ತೇವೆ. ಈ ಓದು ಲಾವಣಿಯ ನಿಜವಾದ ಸಾಧನೆಯನ್ನೇ ಮರೆಮಾಡುತ್ತದೆ ಎಂಬುದು ನನ್ನ ವಾದ. ದಂಗೆಯ ಲಾವಣಿ ಸೋಲನ್ನು ಸೋಲೆಂದೇ ಒಪ್ಪಿಕೊಂಡು, ಅದರಿಂದ ಬಡವನ ಮನೆಗೆ ಆದ ನಷ್ಟವನ್ನು ಲೆಕ್ಕಹಾಕುವ ಕಾವ್ಯ. ಅದರ ಶಕ್ತಿ ಇರುವುದು ಆ ಲೆಕ್ಕದಲ್ಲಿ.

ಹಲಗಲಿ ಬೇಡರ ಲಾವಣಿಯನ್ನೇ ನೋಡೋಣ. ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಳ್ಳಿ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷವೇ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಿತು. ಬೇಟೆ, ಕಾವಲು, ಸೈನ್ಯದ ಚಾಕರಿ ಇವನ್ನೇ ನಂಬಿದ್ದ ಬೇಡರಿಗೆ ಆಯುಧವೆಂದರೆ ಅನ್ನದ ದಾರಿ, ಮಾನದ ಗುರುತು. ಅವರು ಕೊಡಲೊಪ್ಪಲಿಲ್ಲ. ಕಂಪನಿಯ ಸೈನ್ಯ ಊರನ್ನು ಸುತ್ತುವರಿದು ಬೆಂಕಿ ಹಚ್ಚಿತು. ಸೆರೆಸಿಕ್ಕವರು 290 ಮಂದಿ. ಅವರಲ್ಲಿ 19 ಜನರನ್ನು ನೇಣಿಗೆ ಹಾಕಿದರು: ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ 6 ಜನ. ಸರ್ಕಾರದ ಕಡತ ಇಟ್ಟ ಲೆಕ್ಕ ಇದು: ಎಷ್ಟು ಜನ ಸಿಕ್ಕರು, ಎಷ್ಟು ಜನರಿಗೆ ಶಿಕ್ಷೆಯಾಯಿತು.

ಲಾವಣಿ ಇಡುವ ಲೆಕ್ಕ ಬೇರೆ. ಕಥೆ ಆರಂಭವಾಗುವುದು ಹುಕುಮಿನಿಂದ. ಎಲ್ಲಿಂದಲೋ ಬಂದ ಆಜ್ಞೆ ಊರಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಹಣಮ, ಬಾಲ, ಜಡಗ, ರಾಮ ಎಂಬ ನಾಲ್ವರು ಸೇರಿ ಮಾತಾಡಿಕೊಳ್ಳುತ್ತಾರೆ, ಪ್ರಾಣ ಹೋದರೂ ಆಯುಧ ಕೊಡುವುದಿಲ್ಲ ಎಂದು ಗಟ್ಟಿಯಾಗುತ್ತಾರೆ. ಆಮೇಲೆ ದಂಡು ಬರುತ್ತದೆ, ಗುಂಡು ಹಾರುತ್ತದೆ, ಊರು ಬೀಳುತ್ತದೆ. ಇಷ್ಟರವರೆಗೆ ಯಾವ ವೀರಕಾವ್ಯವಾದರೂ ಹೀಗೇ ಸಾಗುತ್ತಿತ್ತು. ಆದರೆ ಕೊಳ್ಳೆಯ ಭಾಗಕ್ಕೆ ಬಂದಾಗ ಕವಿಯ ಕಣ್ಣು ವೀರರನ್ನು ಬಿಟ್ಟು ಅಡುಗೆಮನೆಗೆ ಹೋಗುತ್ತದೆ. ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಬೆಲ್ಲ, ಕೊಡಲಿ, ಕುಡ, ಗಂಗಾಳ, ಚರಿಗೆ, ಹೆಂಗಸಿನ ಕೊರಳ ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು. ಬೀಸುವ ಕಲ್ಲನ್ನೂ ಬಿಡಲಿಲ್ಲ ಎಂದ ಮೇಲೆ ಆ ಮನೆಯಲ್ಲಿ ನಾಳೆಯ ರೊಟ್ಟಿಗೂ ದಾರಿಯಿಲ್ಲ. ಗುರುತೇ ಉಳಿಯದಂತೆ ಊರು ನಾಶವಾಯಿತೆಂದು ಹೇಳಿ ಲಾವಣಿ ಮುಗಿಯುತ್ತದೆ. ಮುಂದೆ ಯಾರೋ ಸೇಡು ತೀರಿಸಿಕೊಳ್ಳುತ್ತಾರೆಂಬ ಭರವಸೆಯನ್ನೂ ಕೊಡುವುದಿಲ್ಲ.

ಇಂಥ ಪಟ್ಟಿ ಕನ್ನಡ ಕಾವ್ಯದ ಹಳೆಯ ರೂಢಿ, ಇದರಲ್ಲಿ ಹೊಸದೇನಿದೆ ಎಂದು ಯಾರಾದರೂ ಕೇಳಬಹುದು. ನಮ್ಮ ಕವಿಗಳು ಭಕ್ಷ್ಯಗಳನ್ನೂ ಆಯುಧಗಳನ್ನೂ ಸಾಲುಸಾಲಾಗಿ ಹೇಳಿಕೊಂಡು ಬಂದವರೇ. ಆದರೆ ಆ ಪಟ್ಟಿಗಳು ಹೆಚ್ಚಾಗಿ ಸಮೃದ್ಧಿಯನ್ನು ಹೇಳುತ್ತವೆ: ಮದುವೆಯ ಊಟ, ರಾಜನ ಭಂಡಾರ, ಸೈನ್ಯದ ಸಡಗರ. ಲಾವಣಿಕಾರ ಅದೇ ತಂತ್ರವನ್ನು ತೆಗೆದುಕೊಂಡು ಇಲ್ಲವಾದದ್ದನ್ನು ಎಣಿಸಲು ಬಳಸಿದ. ಜೊತೆಗೆ ಆರಿಸಿದ್ದು ಬೆಲೆಯಿಲ್ಲದ ವಸ್ತುಗಳನ್ನು. ಒಂದು ಮುಷ್ಟಿ ಜೀರಿಗೆಗೆ ಕಂಪನಿಯ ಖಜಾನೆಯಲ್ಲಿ ಲೆಕ್ಕವಿಲ್ಲ. ಅದು ಕಳೆದುಹೋದದ್ದು ಗೊತ್ತಾಗುವುದು ಒಲೆಯ ಮುಂದೆ ಕೂತವಳಿಗೆ ಮಾತ್ರ. ಇನ್ನೊಂದು ಸಂಗತಿಯೂ ಇದೆ. ಈ ಲಾವಣಿಯ ಅಂಕಿತದಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರಿದೆ. ಕುರ್ತಕೋಟಿ ಇರುವುದು ಗದಗ ಸೀಮೆಯಲ್ಲಿ, ಹಲಗಲಿಯಿಂದ ದೂರ. ಸುಟ್ಟ ಊರಿನ ದೇವರಲ್ಲದ ದೇವರಿಗೆ ನಮಿಸುವ ಕವಿಗೆ ಹಲಗಲಿಯ ಒಂದೊಂದು ಮನೆಯ ಸಾಮಾನೂ ಗೊತ್ತಿರುವುದು ಹೇಗೆ? ಆ ಸೀಮೆಯ ಬಡವರ ಮನೆಗಳೆಲ್ಲ ಒಂದೇ ಬಗೆಯವು. ಅವನು ತನ್ನೂರಿನ ಅಡುಗೆಮನೆಯನ್ನು ನೋಡಿಕೊಂಡೇ ಹಲಗಲಿಯ ನಷ್ಟವನ್ನು ಹೇಳಬಲ್ಲವನಾಗಿದ್ದ. ಕೇಳುವವರಿಗೂ ಅದು ತಮ್ಮದೇ ಮನೆಯ ಕಥೆಯಾಗಿ ಕೇಳಿಸುತ್ತಿತ್ತು.

ಲಾವಣಿಯ ಹಾಡುವ ರೀತಿಯೂ ಇದಕ್ಕೆ ಒದಗಿಬರುತ್ತದೆ. ದಪ್ಪು, ತುಂತುಣಿ, ತಾಳ ಹಿಡಿದ ಮೇಳ. ಮುಂದೆ ನಿಂತು ಹಾಡುವವನೊಬ್ಬ, ಅವನ ಮಾತನ್ನು ಎತ್ತಿಕೊಳ್ಳುವ ಹಿಮ್ಮೇಳ. ನಡೆಯಲ್ಲಿ ಏರು, ಇಳುವು ಎಂಬ ಭಾಗಗಳು. ಕಾದಾಟದಲ್ಲಿ ಏರಿದ ಲಯ ನಷ್ಟದ ಪಟ್ಟಿಯಲ್ಲಿ ನಿಲ್ಲುವುದಿಲ್ಲ, ವಸ್ತುವಿನ ಮೇಲೆ ವಸ್ತು ಬಿದ್ದಂತೆ ಓಡುತ್ತಲೇ ಇರುತ್ತದೆ. ಕರುಣೆ ಹುಟ್ಟಿಸಲು ಕವಿ ಎಲ್ಲೂ ನಿಂತು ಅಳುವುದಿಲ್ಲ. ಕೇಳುಗ ಒಂದು ವಸ್ತುವಿಗೆ ಮರುಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅಚ್ಚಿನ ಪುಟದಲ್ಲಿ ಒಣ ಪಟ್ಟಿಯಂತೆ ಕಾಣುವುದು ಕೊರಳಿಗೆ ಬಂದಾಗ ಕೊಳ್ಳೆಯ ವೇಗವನ್ನೇ ಹಿಡಿಯುತ್ತದೆ.

ಸೋಲಿಗೆ ಕಾರಣ ಹುಡುಕುವಾಗಲೂ ಈ ಪರಂಪರೆ ಹತ್ತಿರದಲ್ಲೇ ನೋಡುತ್ತದೆ. ರಾಯಣ್ಣನ ಸುತ್ತ ಬೆಳೆದ ಹಾಡು, ಐತಿಹ್ಯಗಳಲ್ಲಿ ದಂಗೆಯ ಬೇರು ಇರುವುದು ಹೊಲದಲ್ಲಿ, ಕಂದಾಯದಲ್ಲಿ, ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿದ ಕುಲಕರ್ಣಿಯ ದರ್ಪದಲ್ಲಿ. ಅವನು ಸಿಕ್ಕಿಬಿದ್ದದ್ದೂ ಯುದ್ಧರಂಗದಲ್ಲಿ ಅಲ್ಲ. ನಂಬಿದವರೇ ಒಳಸಂಚು ಮಾಡಿ, ಹಳ್ಳದಲ್ಲಿ ಸ್ನಾನಕ್ಕಿಳಿದ ಹೊತ್ತಿನಲ್ಲಿ, ಕೈಯಲ್ಲಿ ಕತ್ತಿಯಿಲ್ಲದಾಗ ಹಿಡಿದುಕೊಟ್ಟರು. ಹಾಡುವವರು ಇದನ್ನು ಮುಚ್ಚಿಡಲಿಲ್ಲ. ನಮ್ಮವರೇ ನಮ್ಮವನನ್ನು ಕೊಟ್ಟರು ಎಂಬ ನೋವನ್ನು ಅದೇ ನಮ್ಮವರ ಮುಂದೆ, ಜಾತ್ರೆಯಲ್ಲಿ, ಗುಡಿಯ ಕಟ್ಟೆಯ ಮೇಲೆ ಹಾಡಿದರು. ಪರರ ಬಲವನ್ನಷ್ಟೇ ದೂರಿ ಸಮಾಧಾನಪಟ್ಟುಕೊಳ್ಳುವುದು ಸುಲಭವಿತ್ತು. ಆ ಸುಲಭವನ್ನು ಬಿಟ್ಟದ್ದು ಈ ಪರಂಪರೆಯ ನೈತಿಕ ಧೈರ್ಯ.

ಇತಿಹಾಸಕಾರರ ಆಕ್ಷೇಪ ಒಂದಿದೆ: ಲಾವಣಿಯಲ್ಲಿ ಅತಿಶಯೋಕ್ತಿ ಇದೆ, ಘಟನೆಗಳ ಕ್ರಮ ತಪ್ಪುತ್ತದೆ, ಸಾಹೇಬರ ಹೆಸರುಗಳು ಅದಲುಬದಲಾಗುತ್ತವೆ, ಇದನ್ನು ಆಕರವೆಂದು ನಂಬುವುದು ಹೇಗೆ? ಯಾವ ದಿನ ಏನಾಯಿತೆಂದು ತಿಳಿಯಲು ಕಡತವನ್ನೇ ನೋಡಬೇಕು, ನಿಜ. ಆದರೆ ಕಡತಕ್ಕೂ ತನ್ನ ಕುರುಡಿದೆ. ಊರು ಸುಟ್ಟ ಮೇಲೆ ಬದುಕುಳಿದವರು ಏನನ್ನು ಕಳೆದುಕೊಂಡರು ಎಂದು ಕೇಳುವ ಅಗತ್ಯ ಅದಕ್ಕೆ ಕಾಣಲಿಲ್ಲ. ಲಾವಣಿಯನ್ನು ಘಟನೆಯ ವರದಿ ಎಂದು ತೂಗಿದರೆ ಅದು ಹಗುರ. ಘಟನೆ ಜನರಿಗೆ ಏನಾಗಿ ಕಂಡಿತು ಎಂಬುದರ ಸಾಕ್ಷಿ ಎಂದು ತೂಗಿದರೆ ಅದಕ್ಕೆ ಸಮನಾದ ದಾಖಲೆ ನಮ್ಮಲ್ಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಈ ಲಾವಣಿಗಳನ್ನು ಮೊದಲು ಅಚ್ಚಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್, ಮುಂಬೈ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ, ಶಾಸನತಜ್ಞ. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಅವನು ಪ್ರಕಟಿಸಿದ. ದಂಗೆಯನ್ನು ಅಡಗಿಸಿದ ಸರ್ಕಾರದ ನೌಕರ ಆರಿಸಿ, ಬರೆಸಿಕೊಂಡ ಪಾಠ ಜನರ ಪಾಠವೇ? ಹಾಡುಗಾರ ಸಾಹೇಬನ ಮುಂದೆ ಕೆಲವು ಮಾತು ನುಂಗಿರಲಾರನೇ? ಈ ಅನುಮಾನವನ್ನು ಪೂರ್ತಿ ಕಳೆಯಲಾಗದು. ನಮ್ಮ ಕೈಯಲ್ಲಿರುವುದು ಬಗೆಬಗೆಯಾಗಿ ಹಾಡಲಾಗುತ್ತಿದ್ದ ಕಾವ್ಯದ ಒಂದು ರೂಪ ಮಾತ್ರ. ಆದರೂ ಆ ರೂಪದಲ್ಲೇ ಕಂಪನಿಯ ದಂಡು ಬಡವರ ಮನೆಯ ಮಂಗಳಸೂತ್ರ ದೋಚಿತೆಂಬ ಮಾತು ಉಳಿದಿದೆ. ಸಾಹೇಬನ ಲೇಖನಿಯನ್ನೂ ದಾಟಿ ಬಂದ ಆರೋಪವದು. ಫ್ಲೀಟ್ ಆರಿಸಿದ ಹಾಡುಗಳಲ್ಲಿ ಆದಾಯ ತೆರಿಗೆಯ ಲಾವಣಿಯೂ ಇದೆ, ಸಂಗ್ಯಾನ ಕೊಲೆಯ ಕಥೆಯೂ ಇದೆ. ಲಾವಣಿಕಾರನಿಗೆ ದಂಗೆ ಪ್ರತ್ಯೇಕ ಪವಿತ್ರ ವಸ್ತುವಾಗಿರಲಿಲ್ಲ; ಊರಿನ ಬದುಕು ಕೆಡಿಸಿದ ಪ್ರತಿಯೊಂದೂ ಅವನ ವಸ್ತುವಾಗಿತ್ತು ಎಂಬುದಕ್ಕೆ ಇದು ಪುರಾವೆ.

ಮೂರನೆಯದು ನಮ್ಮ ಕಾಲದ ಪ್ರಶ್ನೆ. ಈ ಹಾಡುಗಳು ಸ್ವಾತಂತ್ರ್ಯ ಹೋರಾಟಕ್ಕೆ ಕಸುವು ಕೊಟ್ಟವು, ಹುಲಕುಂದದ ಭೀಮಕವಿಯಂಥವರು ಗೀಗೀ ಪದವನ್ನೇ ಚಳವಳಿಯ ನಾಲಗೆಯಾಗಿಸಿದರು, ಹಾಗಿರುವಾಗ ಇವನ್ನು ದೇಶಭಕ್ತಿಯ ಕಾವ್ಯವೆಂದರೆ ತಪ್ಪೇನು? ಆ ಚಳವಳಿಯ ಋಣ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಹಲಗಲಿಯ ನಾಲ್ವರು ದೇಶದ ಬಿಡುಗಡೆಗಾಗಿ ಎದ್ದರೆಂದು ಲಾವಣಿ ಹೇಳುವುದಿಲ್ಲ. ಆಯುಧ ಬಿಡೆವೆಂದು ಎದ್ದರು ಎನ್ನುತ್ತದೆ. ರಾಷ್ಟ್ರವೆಂಬ ಕಲ್ಪನೆ ಇಲ್ಲದೆಯೂ ಅನ್ಯಾಯವನ್ನು ಗುರುತಿಸಬಲ್ಲ ಕಾವ್ಯ ಇದು. ನಾವು ಅದಕ್ಕೆ ಗೆಲುವಿನ ಅಂತ್ಯ ಅಂಟಿಸಿದಾಗ, ಕೊನೆಗೆ ದೇಶ ಸ್ವತಂತ್ರವಾಯಿತಲ್ಲ ಎಂದು ಸಮಾಧಾನ ಹೇಳಿದಾಗ, ಬೀಸುವ ಕಲ್ಲು ಕಳೆದುಕೊಂಡವಳ ನಷ್ಟ ಆ ಗೆಲುವಿನ ಖರ್ಚಾಗಿ ಮಾತ್ರ ಉಳಿಯುತ್ತದೆ. ನಾಟಕ, ಸಿನಿಮಾಗಳ ರಾಯಣ್ಣ ಎತ್ತರವಾಗಿ ಬೆಳೆದಷ್ಟೂ ಅವನ ಹಿಂದೆ ನಿಂತ ಊರು ಸಣ್ಣದಾಗುತ್ತ ಹೋಗಿದೆ.

ಇಷ್ಟು ಹೇಳಿ ಪರಂಪರೆಯ ಕೊರತೆಯನ್ನು ಬಿಟ್ಟುಬಿಡಲಾಗದು. ಹೆಂಗಸರ ನಷ್ಟವನ್ನು ಇಷ್ಟು ಹತ್ತಿರದಿಂದ ಕಂಡ ಹಲಗಲಿಯ ಲಾವಣಿ ಹೆಸರಿಸಿ ನೆನೆಯುವುದು ಗಂಡಸರನ್ನೇ. ಕೊರಳಿನ ಸೂತ್ರಕ್ಕೆ ಸಿಕ್ಕ ಜಾಗ ಆ ಕೊರಳಿಗೆ ಸಿಗಲಿಲ್ಲ. ಹೊಗಳಿಕೆಯ ಸಿದ್ಧ ಮಾತುಗಳು ಹೋರಾಡಿದವರ ಅಂಜಿಕೆ, ಅನುಮಾನಗಳನ್ನು ನುಂಗಿಹಾಕುತ್ತವೆ. ನಾಲ್ವರು ನಾಯಕರನ್ನು ಒಬ್ಬರಿಂದೊಬ್ಬರು ಬೇರೆ ಮಾಡಿ ತೋರಿಸುವ ಗೋಜಿಗೆ ಕವಿ ಹೋಗುವುದಿಲ್ಲ. ಲಾವಣಿಗೆ ವ್ಯಕ್ತಿಗಿಂತ ಊರು ಮುಖ್ಯ. ಅದರ ಬಲವೂ ಮಿತಿಯೂ ಅಲ್ಲೇ ಇವೆ.

ಹಲಗಲಿ ಬೇಡರ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಾಠವಾಗಿ ಮಕ್ಕಳ ಕೈ ಸೇರಿದೆ. ಸಾವಿರಾರು ಶಿಕ್ಷಕರು ಅದನ್ನು ಪಾಠ ಮಾಡುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಆಯುಧ ಕೊಡೆವೆಂದ ಮಾತನ್ನು ಎಷ್ಟು ಹುರುಪಿನಿಂದ ಓದಿಸುತ್ತೀರೋ, ಉಪ್ಪು, ಎಣ್ಣೆ, ಜೀರಿಗೆಯ ಸಾಲನ್ನೂ ಅಷ್ಟೇ ಹೊತ್ತು ಓದಿಸಿ. ಸಾಧ್ಯವಾದರೆ ಆ ಭಾಗದ ಹಾಡುಗಾರರನ್ನು ಕರೆಸಿ, ದಪ್ಪಿನ ಜೊತೆ ಕೇಳಿಸಿ. ಊರಿನ ಗುರುತೇ ಉಳಿಯಲಿಲ್ಲ ಎಂಬ ಕೊನೆಯನ್ನು ಮೃದುಗೊಳಿಸಬೇಡಿ. ಸೋತವರಿಗೆ ನಾವು ಸಲ್ಲಿಸಬಹುದಾದ ಗೌರವ ಅವರ ಸೋಲನ್ನು ಗೆಲುವೆಂದು ಕರೆಯುವುದರಲ್ಲಿಲ್ಲ. ಅವರು ಕಳೆದುಕೊಂಡದ್ದೇನೆಂದು ಪೂರ್ತಿ ತಿಳಿದುಕೊಳ್ಳುವುದರಲ್ಲಿದೆ.