ನಾಯಕನಾರು? — ಎರಡು ಗ್ರಂಥಗಳಲ್ಲಿ ಶಾಲೆಯ ಕ್ರಿಕೆಟ್ಟು

ಮತ್ತಿಕೆರೆಯ ಬೀದಿಗಳಲ್ಲಿ ಹುಡುಗರು ಕ್ರಿಕೆಟ್ಟಾಡುವಾಗ, ಯಾವ ಪುಸ್ತಕದಲ್ಲಿಯೂ ಬರೆದಿಲ್ಲದ ನಿಯಮವೊಂದು ನಡೆದುಬರುತ್ತದೆ: ಬ್ಯಾಟು ಯಾರದೋ ನಾಯಕತ್ವವು ಅವನದು. ಅವನು ಮುನಿದು ಮನೆಗೆ ಹೋದರೆ ಆಟವೂ ಅವನೊಡನೆ ಹೋಗುತ್ತದೆ. ನಾಯಕತ್ವವು ಸಲ್ಲಬೇಕಾದುದು ಒಡೆತನಕ್ಕೋ ಅರ್ಹತೆಗೋ ಎಂಬ ಈ ಪ್ರಶ್ನೆಯೇ ಎರಡು ಉತ್ತಮ ಇಂಗ್ಲಿಷ್ ಗ್ರಂಥಗಳ ಜೀವಾಳವಾಗಿದೆ. ಒಂದು, ಟ್ರಿನಿಡಾಡ್ ದ್ವೀಪದ ಸಿ. ಎಲ್. ಆರ್. ಜೇಮ್ಸರು 1963ರಲ್ಲಿ ಪ್ರಕಟಿಸಿದ ‘ಬಿಯಾಂಡ್ ಎ ಬೌಂಡರಿ’. ಇನ್ನೊಂದು, ಮೈಸೂರಿನ ಆರ್. ಕೆ. ನಾರಾಯಣರ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಆ ದ್ವೀಪಗಳ ಆಟವು ಕನ್ನಡಿಗರಿಗೆ ಅಪರಿಚಿತವಲ್ಲ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲನೆಯ ಟೆಸ್ಟ್ ಪಂದ್ಯಕ್ಕೆ ಬಂದ ತಂಡವು ವೆಸ್ಟ್ ಇಂಡೀಸಿನದೇ.

ಜೇಮ್ಸರು ಕಲಿತ ಕ್ವೀನ್ಸ್ ರಾಯಲ್ ಕಾಲೇಜಿನಲ್ಲಿ ಲ್ಯಾಟಿನ್ ಪಾಠದಂತೆ ಕ್ರಿಕೆಟ್ಟೂ ಶಿಕ್ಷಣದ ಅಂಗವಾಗಿತ್ತು. ಅಂಪೈರನ ತೀರ್ಪಿಗೆ ಎದುರಾಡಬಾರದು, ಸೋತಾಗ ನೆವ ಹೇಳಬಾರದು ಎಂಬ ಧರ್ಮವು ಮೈದಾನದಲ್ಲಿ ಎಲ್ಲ ಬಣ್ಣದ ಹುಡುಗರಿಗೂ ಸಮಾನವಾಗಿತ್ತು. ಶಾಲೆಯನ್ನು ಬಿಟ್ಟೊಡನೆ ಆ ಸಮಾನತೆಯು ಮುಗಿಯಿತು. ಊರಿನ ಕ್ಲಬ್ಬುಗಳು ಮೈಬಣ್ಣದ ತಾರತಮ್ಯದಿಂದ ವಿಂಗಡವಾಗಿದ್ದವು. ಕಂದುಬಣ್ಣದ ಮಧ್ಯಮವರ್ಗದ ಮೇಪಲ್ ಕ್ಲಬ್ಬನ್ನು ತಾವು ಸೇರಿದುದು ತಪ್ಪೆಂದು ಜೇಮ್ಸರು ಮರೆಯಿಲ್ಲದೆ ಒಪ್ಪುತ್ತಾರೆ. ಕರಿಯ ಆಟಗಾರರಾದ ಫ್ರಾಂಕ್ ವೊರೆಲ್ಲರಿಗೆ ನಾಯಕತ್ವವು ಸಲ್ಲಬೇಕೆಂದು 1960ರಲ್ಲಿ ಅವರು ಪತ್ರಿಕೆಯ ಮೂಲಕ ಹೋರಾಡಿದುದಕ್ಕೆ ಈ ಪಶ್ಚಾತ್ತಾಪವು ಹಿನ್ನೆಲೆಯಾಗಿದೆ. ಗ್ರಂಥದ ಬಲವೆಲ್ಲ ಈ ಸ್ವದೋಷಾಂಗೀಕಾರದಲ್ಲಿದೆ.

ನಾರಾಯಣರ ದಾರಿ ಬೇರೆ. ಮಾಲ್ಗುಡಿಯ ಹುಡುಗರ ತಂಡಕ್ಕೆ ನಾಯಕನು ರಾಜಂ. ಅವನು ಪೊಲೀಸು ಅಧಿಕಾರಿಯ ಮಗ. ಚಳವಳಿಯ ದಿನ ಪರದೇಶದ ಟೋಪಿಯೆಂಬ ಮಾತಿಗೆ ತನ್ನ ಟೋಪಿಯನ್ನು ಬೆಂಕಿಗೆಸೆದ ಸ್ವಾಮಿಯೇ ಮುಂದೆ ಆಳುವವರ ಆಟದಲ್ಲಿ ಮೈಮರೆಯುತ್ತಾನೆ. ‘ಟೇಟ್’ ಎಂಬ ಇಂಗ್ಲಿಷ್ ಬೌಲರನ ಹೆಸರಿನಿಂದ ಕರೆಯಿಸಿಕೊಂಡು ಹಿಗ್ಗುತ್ತಾನೆ. ಕವಿಯು ಇದಕ್ಕೆ ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಜೇಮ್ಸರಲ್ಲಿ ವಾಚ್ಯವಾದುದು ಇಲ್ಲಿ ಧ್ವನಿ. ಡ್ರಿಲ್ಲನ್ನು ತಪ್ಪಿಸಿ ಆಟದ ಅಭ್ಯಾಸಕ್ಕೆ ಹೋದುದಕ್ಕಾಗಿ ಶಿಕ್ಷೆಗೆ ಸಿಕ್ಕಿದ ಸ್ವಾಮಿಯು, ಮುಖ್ಯೋಪಾಧ್ಯಾಯರ ಬೆತ್ತವನ್ನು ಕಿಟಕಿಯಾಚೆ ಎಸೆದು ಓಡಿಹೋಗುತ್ತಾನೆ. ಪಂದ್ಯವೂ ಗೆಳೆತನವೂ ಒಟ್ಟಿಗೆ ಕೈತಪ್ಪುತ್ತವೆ. ಆಟವು ಶಿಸ್ತನ್ನು ಕಲಿಸುತ್ತದೆಂದು ಹೇಳುವ ಶಾಲೆಯ ಶಿಸ್ತೇ ಆಟವನ್ನು ಕಸಿದುಕೊಂಡಿತು. ಕಲೆಯ ದೃಷ್ಟಿಯಿಂದ ಈ ಮೌನವು ಜೇಮ್ಸರ ವಾದಕ್ಕಿಂತ ಮೇಲಾದುದು.

ಆದರೆ ಮೌನಕ್ಕೂ ಒಂದು ಮಿತಿಯುಂಟು. ಗಾಡಿಯವನ ಮಗನು ಕಥೆಯೊಳಗೆ ಸ್ವಾಮಿಯನ್ನು ಹೆದರಿಸುವವನಾಗಿ ಬರುತ್ತಾನೆಯೇ ಹೊರತು ತಂಡದೊಳಕ್ಕೆ ಬರುವುದಿಲ್ಲ. ಅವನ ಕೈಗೆ ಚೆಂಡು ಸಿಕ್ಕಿದ್ದರೆ ಏನಾಗುತ್ತಿತ್ತು? ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಅವರ ಚರಿತ್ರೆಯು ಇದಕ್ಕೆ ಉತ್ತರವನ್ನು ಕೊಡುತ್ತದೆ. ಅಸ್ಪೃಶ್ಯರೆನಿಸಿದ ಕುಲದಲ್ಲಿ ಹುಟ್ಟಿ, ಪುಣೆಯ ಆಂಗ್ಲರ ಕ್ಲಬ್ಬಿನಲ್ಲಿ ಮೈದಾನವನ್ನು ಹದಗೊಳಿಸುವ ಕೆಲಸ ಮಾಡುತ್ತ ಬೌಲಿಂಗನ್ನು ಕಲಿತ ಈತನು, 1911ರ ಇಂಗ್ಲೆಂಡಿನ ಪ್ರವಾಸದಲ್ಲಿ ನೂರಕ್ಕೆ ಮಿಕ್ಕಿ ವಿಕೆಟ್ಟುಗಳನ್ನು ಪಡೆದನು. ಹಿಂದೂ ತಂಡವು ಆತನ ಕೈಚಳಕದಿಂದ ಗೆದ್ದಿತು. ಚಹವನ್ನು ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಆತನಿಗೆ ನಾಯಕತ್ವವು ದೊರೆಯಲೇ ಇಲ್ಲ. ತಮ್ಮನಾದ ವಿಠ್ಠಲನಿಗೆ 1923ರಲ್ಲಿ ದೊರೆಯಿತು. ವೊರೆಲ್ಲರ ಪ್ರಶ್ನೆಯು ದೂರದ ದ್ವೀಪದ್ದಲ್ಲ, ನಮ್ಮ ನಾಡಿನದೇ ಎಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ಶಾಲೆಯ ಹುಡುಗರ ಕೈಗೆ ಬ್ಯಾಟನ್ನು ಕೊಡುವ ಉಪಾಧ್ಯಾಯರು ಈ ಎರಡು ಗ್ರಂಥಗಳನ್ನೂ ಕೊಡುವುದು ಉಚಿತ. ನಾರಾಯಣರಿಂದ ಆಟದ ಆಸೆ ತಿಳಿಯುತ್ತದೆ, ಜೇಮ್ಸರಿಂದ ಅದರ ನ್ಯಾಯಾನ್ಯಾಯ ತಿಳಿಯುತ್ತದೆ. ಎರಡನ್ನೂ ಓದಿದ ಹುಡುಗನು ಬ್ಯಾಟು ತನ್ನದೇ ಆಗಿದ್ದರೂ ಒಂದು ದಿನ ನಾಯಕತ್ವವನ್ನು ಚೆನ್ನಾಗಿ ಆಡುವವನಿಗೆ ಬಿಟ್ಟುಕೊಟ್ಟಾನು. ಸಾಹಿತ್ಯವು ಅಷ್ಟನ್ನು ಮಾಡಿದರೆ ಸಾರ್ಥಕ.