ಗಡಿಯಲ್ಲಿ ಕೀಟದ ಗುರುತು: ಡಿ.ಎನ್.ಎ. ಸಾಕ್ಷ್ಯದ ವಿಮರ್ಶೆ

ಪರದೇಶದ ಸರಕಿನೊಡನೆ ಬರುವ ಹಾನಿಕಾರಕ ಕೀಟಗಳನ್ನು ಗಡಿಯಲ್ಲಿಯೇ ತಡೆಯುವ ಕಾರ್ಯ ಮೇಲ್ನೋಟಕ್ಕೆ ಕೀಟಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದುದು. ಆದರೆ ಅದರ ಮೂಲದಲ್ಲಿರುವ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತವಾದುದು: ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ದೃಷ್ಟಿಯಿಂದ, ಕೆ. ಎಫ್. ಆರ್ಮ್‌ಸ್ಟ್ರಾಂಗ್ ಮತ್ತು ಎಸ್. ಎಲ್. ಬಾಲ್ ಅವರು ೨೦೦೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಲ್ಲಿ ಪರಿಶೀಲಿಸಲಾಗಿದೆ. ನ್ಯೂಜಿಲೆಂಡಿನ ಗಡಿಯಲ್ಲಿ ಸಿಕ್ಕ ಕೀಟಗಳನ್ನು ಡಿ.ಎನ್.ಎ. ಪರೀಕ್ಷೆಯಿಂದ ಗುರುತಿಸುವುದು ಅದರ ವಿಷಯ.

ಗಡಿಯಲ್ಲಿ ಎಷ್ಟೋ ವೇಳೆ ಸಿಕ್ಕುವುದು ಪೂರ್ಣ ಬೆಳೆದ ಕೀಟವಲ್ಲ. ಮೊಟ್ಟೆ ಅಥವಾ ಮರಿಹುಳು. ರೂಪಲಕ್ಷಣಗಳ ಪಟ್ಟಿಗಳಾದರೋ ಬಹುಮಟ್ಟಿಗೆ ಪ್ರೌಢಕೀಟವನ್ನು ಆಧರಿಸಿದವು. ಮರಿಹುಳುವನ್ನು ಸಾಕಿ ಬೆಳೆಸಿ ನೋಡಲು ವಾರಗಳು ಬೇಕು. ತಡೆದಿಟ್ಟ ಹಣ್ಣು ಅಷ್ಟು ದಿನ ಉಳಿಯದು. ೨೦೦೩ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು ಮೈಟೊಕಾಂಡ್ರಿಯದ ಒಂದು ಜೀನಿನ ಸುಮಾರು ೬೫೦ ಅಕ್ಷರಗಳ ಭಾಗವನ್ನು ಪ್ರಾಣಿಪ್ರಭೇದಗಳ ಗುರುತಾಗಿ ಬಳಸಬಹುದೆಂದು ಸೂಚಿಸಿದರು. ಇದೇ ‘ಡಿ.ಎನ್.ಎ. ಬಾರ್‌ಕೋಡ್’. ಪ್ರಬಂಧಕಾರರು ಈ ಸೂಚನೆಯನ್ನು ಒರೆಗೆ ಹಚ್ಚಿದರು. ಹಿಂದಿನ ಹತ್ತು ವರ್ಷಗಳಲ್ಲಿ ಗಡಿಯಲ್ಲಿ ಸಿಕ್ಕಿದ್ದ ಟಸಕ್ ಪತಂಗ ಮತ್ತು ಹಣ್ಣುನೊಣಗಳ ಮಾದರಿಗಳನ್ನು ಪುನಃ ಪರೀಕ್ಷಿಸಿ, ಕೋಶಕೇಂದ್ರದ ಡಿ.ಎನ್.ಎ.ಯಿಂದ ಮೊದಲೇ ದೊರೆತಿದ್ದ ನಿರ್ಣಯಗಳೊಡನೆ ಹೋಲಿಸಿದರು. ಪತಂಗಗಳಲ್ಲಿ ಶೇಕಡ ೯೦, ಹಣ್ಣುನೊಣಗಳಲ್ಲಿ ಶೇಕಡ ೯೬ರಷ್ಟು ಹೊಂದಾಣಿಕೆ ಕಂಡುಬಂದಿತು. ಹಿಂದೆ ಗುರುತು ಸಿಗದೆ ಉಳಿದಿದ್ದ ಪತಂಗಗಳಿಗೂ ಕುಟುಂಬ, ಜಾತಿ ಅಥವಾ ಪ್ರಭೇದದ ಸ್ಥಾನ ದೊರೆಯಿತು.

ಇಂತಹ ನಿರ್ಣಯಗಳ ಪರಿಣಾಮ ಪ್ರಯೋಗಶಾಲೆಯಲ್ಲಿಯೇ ಮುಗಿಯುವುದಿಲ್ಲ. ೨೦೦೩ರಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದ ಬಲೆಯೊಂದರಲ್ಲಿ ಏಷ್ಯಾದ ಜಿಪ್ಸಿ ಪತಂಗದ ಒಂದೇ ಒಂದು ಗಂಡು ಸಿಕ್ಕಿತು. ಅದರ ಫಲವಾಗಿ ಆ ವರ್ಷವೇ ನಗರದ ಒಂದು ಭಾಗದ ಮೇಲೆ ವಿಮಾನದಿಂದ ಕೀಟನಾಶಕವನ್ನು ಸಿಂಪಡಿಸಲಾಯಿತು. ಒಂದು ಹೆಸರಿನ ಮೇಲೆ ಜನವಸತಿಯ ನೆಮ್ಮದಿಯೂ ರೈತನ ಸರಕೂ ನಿಂತಿರುವಾಗ, ಆ ಹೆಸರಿನ ಆಧಾರವನ್ನು ಪ್ರಶ್ನಿಸುವುದು ಕೇವಲ ಪಾಂಡಿತ್ಯದ ಚರ್ಚೆಯೆನಿಸಲಾರದು.

ಹಳೆಯ ಮಾದರಿಗಳನ್ನು ಕಾಪಾಡಿಟ್ಟು, ಹೊಸ ವಿಧಾನವನ್ನು ಅದಕ್ಕಿಂತ ಭಿನ್ನವಾದ ಮೂಲದ ಸಾಕ್ಷ್ಯದೊಡನೆ ಇಟ್ಟು ನೋಡಿದುದು ಪ್ರಬಂಧದ ದೊಡ್ಡ ಗುಣ. ಆದರೆ ಇದೇ ವಿಧಾನ ಜಗತ್ತಿನಾದ್ಯಂತ ಅಂಗೀಕೃತವಾಗಬಹುದೆಂಬ ಅದರ ಆಶಯದಲ್ಲಿ ಒಂದು ಅಪಾಯವೂ ಅಡಗಿದೆ. ಎರಡು ಸಾಕ್ಷಿಗಳು ಒಪ್ಪಿದವೆಂದು ತೋರಿಸಿದ ಮೇಲೆ, ಮುಂದೆ ಒಂದೇ ಸಾಕ್ಷಿ ಸಾಕೆಂದು ಭಾವಿಸುವುದು ಸುಲಭ. ಮೈಟೊಕಾಂಡ್ರಿಯದ ಡಿ.ಎನ್.ಎ. ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುವಂಥದು. ತಂದೆಯ ವಂಶದ ವಿಷಯದಲ್ಲಿ ಅದು ಮೂಕ. ಇದಲ್ಲದೆ ಆ ಜೀನಿನ ಕೆಲಸಕ್ಕೆ ಬಾರದ ಪ್ರತಿಗಳು ಕೋಶಕೇಂದ್ರದಲ್ಲಿ ಸೇರಿಕೊಂಡು ಪರೀಕ್ಷಕನ ಕಣ್ಣು ತಪ್ಪಿಸುವುದುಂಟು. ತಾಮ್ರಪಟಗಳಲ್ಲಿ ಕೂಟಶಾಸನಗಳಿರುವಂತೆಯೇ ಇವೂ ಎನ್ನಬಹುದು.

ನಮ್ಮ ನಾಡಿನ ನಿದರ್ಶನವೇ ಇದಕ್ಕೆ ಸಾಕು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ೨೦೧೬ರಲ್ಲಿ ಆಫ್ರಿಕದಲ್ಲಿಯೂ, ೨೦೧೮ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿಯೂ ಕಾಣಿಸಿಕೊಂಡಿತು. ಭಾರತದಲ್ಲಿ ಅದರ ಮೊದಲ ವರದಿ ಶಿವಮೊಗ್ಗದ್ದೇ. ರೂಪಲಕ್ಷಣ ಮತ್ತು ಡಿ.ಎನ್.ಎ. ಎರಡರಿಂದಲೂ ಅದರ ಪ್ರಭೇದ ಖಚಿತವಾಯಿತು. ಈ ಕೀಟದಲ್ಲಿ ‘ಭತ್ತದ ಬಗೆ’, ‘ಜೋಳದ ಬಗೆ’ ಎಂದು ಎರಡುಂಟು. ಇಲ್ಲಿಯ ಮಾದರಿಗಳಲ್ಲಿ ಬಹುಪಾಲನ್ನು ಮೈಟೊಕಾಂಡ್ರಿಯದ ಗುರುತು ಭತ್ತದ ಬಗೆಯೆಂದರೆ, ಕೋಶಕೇಂದ್ರದ ಗುರುತು ಜೋಳದ ಬಗೆಯೆಂದಿತು. ಪ್ರಭೇದದ ಹೆಸರಿಗೆ ಇದರಿಂದ ಬಾಧೆಯಿಲ್ಲವೆಂಬುದು ನಿಜ. ಆದರೆ ಯಾವ ಬೆಳೆಗೆ ಅಪಾಯವೆಂದು ಕೇಳುವ ರೈತನಿಗೆ ಮೊದಲಿನ ಸಾಕ್ಷಿಯೊಂದನ್ನೇ ನಂಬಿ ಉತ್ತರ ಹೇಳಿದರೆ ಅದು ತಪ್ಪುವ ಸಂಭವವಿತ್ತು.

ಇನ್ನು ಹೆಸರುಗಳ ವಿಚಾರ. ಪರೀಕ್ಷೆ ಅಕ್ಷರಗಳನ್ನು ಓದುತ್ತದೆಯೇ ಹೊರತು ಹೆಸರನ್ನಲ್ಲ. ಹೆಸರು ಬರುವುದು ಹೋಲಿಕೆಗಾಗಿ ಕೂಡಿಟ್ಟ ಸಂಗ್ರಹದಿಂದ. ಸಂಗ್ರಹದಲ್ಲಿ ಒಂದು ಮಾದರಿಗೆ ತಪ್ಪು ಚೀಟಿ ಅಂಟಿಸಿದ್ದರೆ ಆ ತಪ್ಪೇ ಪ್ರತಿಯೊಂದು ಬಂದರಿನಲ್ಲಿಯೂ ಮರುಕಳಿಸುವುದು. ಪ್ರಭೇದದ ಎಲ್ಲೆಯೂ ಸ್ಥಿರವಲ್ಲ. ಬ್ಯಾಕ್ಟ್ರೊಸೆರಾ ಹಣ್ಣುನೊಣಗಳಲ್ಲಿ ಪಪಾಯೆ, ಫಿಲಿಪಿನೆನ್ಸಿಸ್, ಇನ್ವೇಡೆನ್ಸ್ ಎಂದು ಪ್ರತ್ಯೇಕವಾಗಿ ಎಣಿಸಲಾಗಿದ್ದ ಮೂರು ಪ್ರಭೇದಗಳು ೨೦೧೫ರ ವೇಳೆಗೆ ಡಾರ್ಸಾಲಿಸ್ ಎಂಬ ಹಳೆಯ ಹೆಸರಿನಲ್ಲಿ ಲೀನವಾದವು. ಅದನ್ನು ನಿರ್ಧರಿಸಿದುದು ಒಂದು ಜೀನಲ್ಲ. ರೂಪ, ಕೂಡುವಿಕೆ, ಗಂಧರಸಾಯನ, ಡಿ.ಎನ್.ಎ. ಇವೆಲ್ಲವುಗಳ ಸಮನ್ವಯ. ಕಡೆಯದಾಗಿ, ಸತ್ತ ಹುಳುವಿನಲ್ಲಿಯೂ ಡಿ.ಎನ್.ಎ. ಉಳಿದಿರುತ್ತದೆ. ಹುಳು ಗಡಿಗೆ ಬಂದಾಗ ಜೀವಂತವಾಗಿತ್ತೇ ಎಂಬ ಮುಖ್ಯ ಪ್ರಶ್ನೆಗೆ ಬಾರ್‌ಕೋಡು ಉತ್ತರ ಕೊಡಲಾರದು.

ಆದುದರಿಂದ ಈ ವಿಧಾನವನ್ನು ತಿರಸ್ಕರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮೊಟ್ಟೆಯೊಂದರಿಂದಲೇ ಶೀಘ್ರವಾಗಿ ಗುರುತನ್ನು ಕಂಡುಹಿಡಿಯಲು ಅದು ನೆರವಾಗುತ್ತದೆ. ಅದರ ಉಪಕಾರ ದೊಡ್ಡದು. ಆದರೆ ಸರಕನ್ನು ಸುಡುವ, ಊರಿನ ಮೇಲೆ ಔಷಧ ಸಿಂಪಡಿಸುವ ತೀರ್ಮಾನಕ್ಕೆ ಮೊದಲು ಸ್ವತಂತ್ರವಾದ ಎರಡನೆಯ ಸಾಕ್ಷ್ಯವಿರಬೇಕು. ಮೂಲ ಮಾದರಿ ಮರುಪರೀಕ್ಷೆಗೆ ದೊರೆಯುವಂತೆ ಸುರಕ್ಷಿತವಾಗಿರಬೇಕು. ರೂಪಲಕ್ಷಣ ಬಲ್ಲ ವಿದ್ವಾಂಸರ ಪರಂಪರೆಯನ್ನು ವಿಶ್ವವಿದ್ಯಾನಿಲಯಗಳು ಉಳಿಸಿಕೊಳ್ಳಬೇಕು. ಆರ್ಮ್‌ಸ್ಟ್ರಾಂಗ್ ಮತ್ತು ಬಾಲ್ ಅವರು ತಮ್ಮ ಪರೀಕ್ಷೆಯಲ್ಲಿ ಎರಡು ಸಾಕ್ಷ್ಯಗಳನ್ನು ಎದುರುಬದುರು ನಿಲ್ಲಿಸಿದರು. ಅವರ ತೀರ್ಮಾನಕ್ಕಿಂತ ಅವರ ಈ ಕ್ರಮವೇ ಹೆಚ್ಚು ಅನುಕರಣೀಯವಾದುದು.